ಬೂಟಿನ ಮೇಲೆ ಬರೆದ ಪಾದ

ಒಂದೇ ಒಂದು ಪಾದಕ್ಕೆ ನಾನು ಎರಡು ಸಾವಿರದ ನಾನೂರು ಮಲೇಷ್ಯಾ ರಿಂಗಿಟ್ ಖರ್ಚು ಮಾಡಿದ್ದೇನೆ. ಬಲಪಾದ. ಅದೂ ಬಣ್ಣದಲ್ಲಿ ಬರೆದದ್ದು, ನನ್ನ ಅಂಗೈಗಿಂತ ಚಿಕ್ಕದು. ಬಣ್ಣ, ವಾರ್ನಿಷ್, ಬರೆದವಳ ಕೂಲಿ, ಮೆಲಾಕಾದಿಂದ ಪೆಟಾಲಿಂಗ್ ಜಯಾಕ್ಕೆ ಒಬ್ಬ ಹಿರಿಯ ಹೆಂಗಸನ್ನು ಮತ್ತೆ ಮತ್ತೆ ಕರೆತಂದು ಬಿಟ್ಟುಬಂದ ಕಾರಿನ ಬಾಡಿಗೆ, ಅವರಿಗೆಂದು ಹೋಟೆಲಿನಲ್ಲಿ ತಪಾವ್ ಮಾಡಿ ಕಟ್ಟಿಸಿ ತರಿಸಿದ ಊಟದ ಪೊಟ್ಟಣಗಳು, ಎಲ್ಲ ಸೇರಿ. ಚೌಕಾಸಿಯಿಂದಲೇ ಬದುಕು ಕಟ್ಟಿಕೊಂಡ ನಾನು ಒಂದು ರಿಂಗಿಟ್ಟನ್ನೂ ಇಳಿಸಿ ಕೇಳದೆ ಕೊಟ್ಟ ಹಣ ಅದು. ಯಾಕೆಂದರೆ ಆ ಪಾದ ಅಳಿಸಿಹೋದದ್ದು ನನ್ನ ಅಂಗಡಿಯಲ್ಲಿ. ಪೊಂಗಲ್ ಹಿಂದಿನ ದಿನದೊಳಗೆ ಅದು ಮೆಲಾಕಾದ ಮನೆಯ ಗೋಡೆಗೆ ಮರಳದಿದ್ದರೆ ಆ ಮನೆಯವರು ಹಿರಿಯರಿಗೆ ಎಡೆ ಇಡುವಂತಿರಲಿಲ್ಲ.

ಈ ಕಸುಬಿಗೆ, ಅಂದರೆ ಚಿತ್ರಗಳಿಗೆ ಚೌಕಟ್ಟು ಹಾಕುವ, ಹಳೆಯ ಚಿತ್ರ ಕೊಂಡು ಮಾರುವ ಕೆಲಸಕ್ಕೆ ಹೊಸದಾಗಿ ಇಳಿಯುವವರು ನನ್ನನ್ನು ಕೇಳುವುದು ಒಂದೇ: ಲಾಭ ಎಷ್ಟು ಇಟ್ಟುಕೊಳ್ಳಬೇಕು? ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಪಾದದ ಕಥೆ ಕೇಳಬೇಕು.

ನಾನು ಬೆಟಗೇರಿಯ ನೇಕಾರರ ಮನೆಯವಳು. ಸೀರೆಯ ಅಂಚು ಹಿಡಿದು ಬೆಲೆ ಹೇಳುವುದನ್ನು ಮಾತು ಕಲಿಯುವಾಗಲೇ ಕಲಿತವಳು. ಮದುವೆಯಾಗಿ ಮಲೇಷ್ಯಾಕ್ಕೆ ಬಂದೆ. ಗಂಡನಿಗೆ ಕ್ಲಾಂಗ್ ಬಂದರಿನ ಸರಕು ಕಚೇರಿಯಲ್ಲಿ ಕೆಲಸ. ಮದುವೆಯ ಫೋಟೋಕ್ಕೆ ಕಟ್ಟು ಹಾಕಿಸೋಣವೆಂದು ಪೆಟಾಲಿಂಗ್ ಜಯಾದ ಹಳೇ ಪೇಟೆಯಲ್ಲಿದ್ದ ಚೀನೀ ಮುದುಕನೊಬ್ಬನ ಅಂಗಡಿಗೆ ಹೋದೆವು. ಎಲ್ಲರೂ ಅವನನ್ನು ತೌಕೆ ಎನ್ನುತ್ತಿದ್ದರು. ಇಲ್ಲಿ ಯಜಮಾನನಿಗೆ ಹಾಗೇ ಅನ್ನುವುದು. ನನಗೆ ಆಗ ಮಲಯ ಬಾರದು, ಅವನಿಗೆ ಕನ್ನಡ ಬಾರದು. ಬೆರಳುಗಳಲ್ಲೇ ಚೌಕಾಸಿ ನಡೆಯಿತು. ಕೊನೆಗೆ ತೌಕೆ ಸೋತು ಕೂತು ನನ್ನ ಗಂಡನಿಗೆ ಮಲಯದಲ್ಲಿ ಹೇಳಿದ: "ಈ ಹೆಣ್ಣುಮಗಳು ಕೌಂಟರಿನ ಆ ಕಡೆ ನಿಂತರೆ ನಾನು ಬೀದಿಗೆ ಬರ್ತೀನಿ. ಈ ಕಡೆ ಬಂದು ಬಿಡಲಿ."

ಮುಂದಿನ ಸೋಮವಾರವೇ ಈ ಕಡೆ ಬಂದೆ. ತೌಕೆ ಸತ್ತ ಮೇಲೆ ಅವನ ಮಕ್ಕಳಿಂದ ಅಂಗಡಿಯನ್ನೇ ಕೊಂಡೆ. ಅದಕ್ಕೂ ಚೌಕಾಸಿ ಮಾಡಿದೆ. ಅಪ್ಪನಿದ್ದಿದ್ದರೆ ಖುಷಿಪಡುತ್ತಿದ್ದ ಎಂದು ಮಕ್ಕಳೇ ಅಂದರು.

ತೌಕೆ ಕಲಿಸಿದ ಮೊದಲ ಪಾಠ: ಚಿತ್ರ ಕೈಗೆ ಬಂದರೆ ಮೊದಲು ಬೆನ್ನು ನೋಡು. ಮುಖ ಎಲ್ಲರಿಗೂ ಸುಳ್ಳು ಹೇಳುತ್ತದೆ, ಬೆನ್ನಿಗೆ ಅಷ್ಟು ಜಾಣತನ ಇರುವುದಿಲ್ಲ. ಯಾವ ಬಟ್ಟೆ, ಯಾವ ಮೊಳೆ, ಎಲ್ಲಿ ಹೊಲಿಗೆ, ಎಲ್ಲಿ ಗೆದ್ದಲು, ಎಲ್ಲ ಅಲ್ಲಿರುತ್ತದೆ. ಎರಡನೇ ಪಾಠ: ಅಂಟಿಸಬೇಡ. ಇದನ್ನು ನಾನು ಬೈಸಿಕೊಂಡು ಕಲಿತೆ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗ ತನ್ನ ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ. ನಾನು ಸುಕ್ಕು ಬಾರದಿರಲೆಂದು ಹಲಗೆಗೆ ಗೋಂದು ಬಳಿದು ಅಂಟಿಸಿದೆ. ವರ್ಷದೊಳಗೆ ಹೊಸ ಕಂಪನಿಯವರು ಅಸಲು ಪ್ರತಿ ಕೇಳಿದರು. ಪಾಪ, ಅವನು ಹಲಗೆ ಸಮೇತ ಇಂಟರ್‌ವ್ಯೂಗೆ ಹೋಗಿಬಂದ. ಕೆಲಸ ಸಿಕ್ಕಿತು. "ಗೋಡೆಯಿಂದ ನೇರ ಬಂದ ಅಭ್ಯರ್ಥಿ ನೀನೊಬ್ಬನೇ" ಅಂದರಂತೆ.

ಗರಗಸದಲ್ಲಿ ಮೂಲೆ ಕೊಯ್ಯುತ್ತಿದ್ದ ಕಾಲ ಹೋಗಿ ಯಂತ್ರ ಬಂತು. ಗಾಜು ಹೋಗಿ ಬಿಸಿಲು ತಡೆಯುವ ಅಕ್ರಿಲಿಕ್ ಬಂತು. ದೇವರ ಪಟಕ್ಕಿಂತ ಫೋನಿನಿಂದ ತೆಗೆಸಿದ ಪ್ರಿಂಟುಗಳೇ ಹೆಚ್ಚಾದವು. ಬದಲಾಗದೆ ಉಳಿದದ್ದು ಇಲ್ಲಿನ ತೇವ ಮತ್ತು ಅದು ತರುವ ಬೂಷ್ಟು. ನನಗೆ ಅನ್ನ ಹಾಕಿದ್ದು ಆ ಬೂಷ್ಟೇ. ನನ್ನನ್ನು ಕೋಟು ಸಾಹೇಬನೆಂಬ ಹಳೆಯ ಚಿತ್ರಕಾರನ ಬಳಿಗೆ ಕರೆದೊಯ್ದದ್ದೂ ಅದೇ.

ಮೈಸೂರಿನ ರಘುನಂದನ್ ಇಲ್ಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದವರು. ಊರಿನಿಂದ ಸಾಮಾನು ಸಾಗಿಸುವಾಗ ತಮ್ಮ ಮುತ್ತಾತನ ಎಣ್ಣೆಬಣ್ಣದ ಚಿತ್ರವನ್ನೂ ತಂದಿದ್ದರು. ಮೊದಲ ಮಳೆಗಾಲಕ್ಕೇ ಮುತ್ತಾತನ ಕೆನ್ನೆಗೆ ಬೂಷ್ಟು ಹತ್ತಿತು. ಅಂಗಡಿಗೆ ತಂದರು. ಪೇಟ, ಕಪ್ಪು ಕೋಟು, ಕೈಯಲ್ಲಿ ಪುಸ್ತಕ, ಕಾಲಲ್ಲಿ ಮಿರಿಮಿರಿ ಬೂಟು, ಬೆರಳಲ್ಲಿ ಹಸಿರು ಹರಳಿನ ಉಂಗುರ. ಮುಖ ಎಷ್ಟು ಜೀವಂತವೆಂದರೆ ನಾನು ಹೇಳುವ ಬೆಲೆಗೆ ಹುಬ್ಬೇರಿಸುತ್ತಿದೆ ಅನ್ನಿಸಿತು. ಮೈ ಮಾತ್ರ ಮರದ ಬೊಂಬೆ.

"ಮೇಡಂ, ಈ ಉಂಗುರ ನೋಡಿ. ಪಚ್ಚೆ," ಅಂದರು ರಘುನಂದನ್. "ಇದಕ್ಕೋಸ್ಕರ ನಮ್ಮ ತಾತ, ಚಿಕ್ಕತಾತ ಸಾಯೋವರ್ಗೂ ಮಾತಾಡ್ಲಿಲ್ಲ."

"ಈಗ ಯಾರ ಹತ್ರ ಐತ್ರಿ?"

"ಚಿಕ್ಕತಾತನ ಕಡೆಯವರು ನುಂಗಿದಾರೆ ಅಂತ ನಾವು. ನಾವು ನುಂಗಿದೀವಿ ಅಂತ ಅವರು. ಮದುವೆಗೆ ಕರೆದ್ರೆ ಬರ್ತಾರೆ, ಊಟ ಮಾಡ್ತಾರೆ, ನಮ್ಮ ಕೈಬೆರಳೇ ನೋಡ್ತಾ ಇರ್ತಾರೆ."

ಆ ಚಿತ್ರ ಇನ್ನೂ ಅಂಗಡಿಯಲ್ಲಿರುವಾಗಲೇ ಪೆನಾಂಗಿನಿಂದ ಮಾರಾಟಕ್ಕೆ ಇನ್ನೊಂದು ಬಂತು. ಯಾರೋ ಚೀನೀ ಸಾಹುಕಾರನದು. ಬಟ್ಟೆ ಸರಿಸಿದವಳು ಬೆಚ್ಚಿದೆ: ಅದೇ ಕೋಟು, ಅದೇ ಪುಸ್ತಕ, ಅದೇ ಬೂಟು, ಅದೇ ಉಂಗುರ. ಮುಖ ಮತ್ತು ತಲೆಯುಡುಗೆ ಮಾತ್ರ ಬೇರೆ. ನಕಲು ಅಂದುಕೊಂಡು ವಾಪಸು ಕಳಿಸಲು ಹೊರಟಿದ್ದೆ. ತಡೆದದ್ದು ತೌಕೆಯ ಪಾಠ. ಎರಡರ ಬೆನ್ನೂ ನೋಡಿದೆ. ಬಟ್ಟೆಯ ನೇಯ್ಗೆ ಒಂದೇ, ಸುತ್ತಿಟ್ಟು ಸಾಗಿಸಿದ ಅಡ್ಡ ಗೆರೆಗಳೂ ಒಂದೇ. ನೇಕಾರರ ಮಗಳಿಗೆ ಅಷ್ಟು ಗೊತ್ತಾಗಬೇಡವೇ? ಎರಡೂ ಒಂದೇ ಮಗ್ಗದಿಂದ ಇಳಿದ ಬಟ್ಟೆ.

ವಿಷಯ ಬಿಡಿಸಿ ಹೇಳಿದ್ದು ಡೆನ್ಮಾರ್ಕಿನಿಂದ ಬಂದ ಒಬ್ಬ ಸಂಶೋಧಕಿ. ನಾನು ಇಂಟರ್‌ನೆಟ್ಟಿನಲ್ಲಿ ಹಾಕಿದ ಫೋಟೋಗಳನ್ನು ಕಂಡು ಹುಡುಕಿಕೊಂಡು ಬಂದಿದ್ದರು. ಎದುರಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುತ್ತ ನನಗೆ ಆ ಚಿತ್ರಗಳನ್ನು ಬರೆದವನ ಇಡೀ ಚರಿತ್ರೆಯನ್ನೇ ಹೇಳಿದರು.

ಅವನ ಹೆಸರು ಹೋಲ್ಮ್‌ಸ್ಟ್ರುಪ್. ಹಡಗುಗಳ ಮೂತಿಗೆ ಕೂರಿಸುವ ಮರದ ಬೊಂಬೆಗಳಿಗೆ ಬಣ್ಣ ಬಳಿಯುವವನ ಮಗ. ಹತ್ತೊಂಬತ್ತನೇ ಶತಮಾನದಲ್ಲಿ ಬಣ್ಣದ ಪೆಟ್ಟಿಗೆ ಹಿಡಿದು ಹಡಗು ಹತ್ತಿದವನು ಆಫ್ರಿಕಾದ ತುದಿ ಸುತ್ತಿ ತಮಿಳು ಕರಾವಳಿಗೆ ಬಂದ. ಅಲ್ಲಿಂದ ಮದರಾಸು, ಮೈಸೂರು. ಮತ್ತೆ ಹಡಗು ಹತ್ತಿ ಪೆನಾಂಗ್, ಮೆಲಾಕಾ, ಜಾವಾ. ಹೋದಲ್ಲೆಲ್ಲ ಬೆಟ್ಟ, ಜಲಪಾತ, ಹೊಗೆಯುಗುಳುವ ಪರ್ವತ ಬರೆದು ಊರಿಗೆ ಕಳಿಸಿದ. ಅವು ಈಗ ಅಲ್ಲಿಯ ಮ್ಯೂಸಿಯಂಗಳಲ್ಲಿವೆ. ಆದರೆ ಬೆಟ್ಟ ಬರೆದರೆ ಬೆಟ್ಟ ದುಡ್ಡು ಕೊಡುವುದಿಲ್ಲವಲ್ಲ! ಹೊಟ್ಟೆಗೆ ದಾರಿ ಮಾಡಿಕೊಂಡದ್ದು ಮುಖಗಳಿಂದ.

ಹಡಗು ಬಂದರಿನಲ್ಲಿ ನಿಲ್ಲುವುದು ಕೆಲವೇ ದಿನ. ಅಷ್ಟರಲ್ಲಿ ಎಷ್ಟು ಮಂದಿಯನ್ನು ಪೂರ್ತಿ ಬರೆಯಬಹುದು? ಸಾಹೇಬ ಒಂದು ಉಪಾಯ ಹೂಡಿದ. ಸಮುದ್ರ ಶಾಂತವಾಗಿದ್ದ ದಿನಗಳಲ್ಲಿ ಹಡಗಿನಲ್ಲೇ ಕೂತು ಮೈಗಳನ್ನು ಬರೆದಿಟ್ಟ. ಕೋಟು, ಕೈ, ಪುಸ್ತಕ, ಉಂಗುರ, ಬೂಟು ಎಲ್ಲ ತಯಾರು. ಮೇಲೆ ವಾರ್ನಿಷ್ ಹೊಡೆದು ಸುರುಳಿ ಸುತ್ತಿಟ್ಟ. ತಲೆಯ ಜಾಗ ಮಾತ್ರ ಖಾಲಿ. ಬಂದರು ಸಿಕ್ಕಾಗ ಗಿರಾಕಿಯನ್ನು ಒಂದು ಬೆಳಿಗ್ಗೆ ಕೂರಿಸಿ ಮುಖ ಬರೆದರೆ ಮುಗಿಯಿತು. ಅವನ ಹಡಗಿನಲ್ಲಿ ಟಿಕೆಟ್ಟಿಲ್ಲದ, ತಲೆಯಿಲ್ಲದ ಪ್ರಯಾಣಿಕರೇ ಹೆಚ್ಚು ಎಂದು ತಾವು ಸಂಶೋಧಕರು ತಮಾಷೆ ಮಾಡುವುದುಂಟು ಎಂದು ಆಕೆ ನಕ್ಕರು.

ನಾನು ನಗಲಿಲ್ಲ. ಮನಸ್ಸಿನಲ್ಲೇ ಕೈಮುಗಿದೆ. ಸಿದ್ಧ ಉಡುಪಿನ ಅಂಗಡಿಯನ್ನು ಸಮುದ್ರದ ಮೇಲೆ ತೆರೆದವನು! ಅಂದಿನಿಂದ ನಮ್ಮ ಅಂಗಡಿಯಲ್ಲಿ ಅವನಿಗೆ ಕೋಟು ಸಾಹೇಬ ಎಂದೇ ಹೆಸರಾಯಿತು.

ರಘುನಂದನರನ್ನು ಕರೆದು ಎರಡು ಚಿತ್ರಗಳನ್ನೂ ಪಕ್ಕಪಕ್ಕ ತೋರಿಸಿದೆ.

"ಇದೇನ್ ಮೇಡಂ! ಪೆನಾಂಗ್ ಸಾಹುಕಾರನ ಕೈಗೆ ನಮ್ಮ ಉಂಗುರ ಹೇಗ್ ಬಂತು?"

"ಉಂಗುರ ಅಷ್ಟ ಅಲ್ರಿ, ಕೈನೂ ನಿಮ್ದ ಐತಿ."

"ಹಾಗಾದ್ರೆ ಇದರಲ್ಲಿ ನಮ್ಮ ಮುತ್ತಾತ ಎಲ್ಲಿದಾರೆ?"

"ಕಾಲರಿನ ಮ್ಯಾಲ."

ಕಾಲರಿಗೆ ಬೆರಳಿಟ್ಟು ಎರಡೂ ಮುಖಗಳನ್ನು ನೋಡಿದರು. ಆಮೇಲೆ ನಕ್ಕರು ನೋಡಿ, ಕುರ್ಚಿ ಹಿಡಿದುಕೊಂಡು ನಕ್ಕರು. ಅಲ್ಲಿಂದಲೇ ಮೈಸೂರಿಗೆ ವೀಡಿಯೋ ಕರೆ ಮಾಡಿದರು: "ಚಿಕ್ಕಪ್ಪ, ಉಂಗುರ ಸಿಕ್ತು! ಯಾರೂ ನುಂಗಿಲ್ಲ. ಅದು ಇರ್ಲೇ ಇಲ್ಲ!" ಆ ಕಡೆಯಿಂದ ಮುದಿ ದನಿಯೊಂದು, "ಈಗ ಹೇಳ್ತೀಯಲ್ಲೋ, ನಮ್ಮಪ್ಪ ಸತ್ತ ಮೇಲೆ" ಅಂದದ್ದು ನನಗೂ ಕೇಳಿಸಿತು.

ಇಷ್ಟೆಲ್ಲ ತಿಳಿದಿತ್ತಲ್ಲ, ಅದೇ ಮುಂದೆ ತೊಂದರೆಯಾಯಿತು.

ನನ್ನ ಬಳಿ ಹಳೆಯ ಚಿತ್ರಗಳನ್ನು ತೊಳೆದು ಸರಿಪಡಿಸುವ ಕೆಲಸ ಮಾಡುತ್ತಿದ್ದವಳು ಗ್ರೇಟಾ. ಮಂಗಳೂರಿನವಳು. ಆ ವಿದ್ಯೆಯನ್ನು ಕಾಲೇಜಿನಲ್ಲೇ ಓದಿಬಂದವಳು, ಕೈ ತುಂಬ ನಾಜೂಕು. ನಾನು ನಿವೃತ್ತಿಗೆ ಸಿದ್ಧಳಾಗಿ ಅಂಗಡಿಯನ್ನು ಅವಳಿಗೆ ವಹಿಸುತ್ತಿದ್ದ ಹೊತ್ತಿಗೆ ಮೆಲಾಕಾದ ಆಂಟಿ ಬಂದರು. ಹೆಸರು ಮೀನಾಚ್ಚಿ. ಎಂಬತ್ತು ದಾಟಿದವರು. ಮೆಲಾಕಾದ ಚೆಟ್ಟಿ ಸಮುದಾಯದವರು: ಎಷ್ಟೋ ತಲೆಮಾರಿನ ಹಿಂದೆ ವ್ಯಾಪಾರಕ್ಕೆ ಬಂದು ಇಲ್ಲಿಯವರನ್ನೇ ಮದುವೆಯಾಗಿ ನಿಂತವರು. ಮನೆಮಾತು ಮಲಯ, ಉಡುಗೆ ಕೆಬಾಯಾ ಎಂಬ ಮಲಯ ರವಿಕೆ, ಮನೆದೇವರು ಮುರುಗ. ನಾವು ಪಿತೃಪಕ್ಷದಲ್ಲಿ ಎಡೆ ಇಡುವಂತೆ ಅವರು ಪೊಂಗಲ್ ಹಿಂದಿನ ದಿನ ಹಿರಿಯರಿಗೆ ಬಾಳೆಲೆ ಹಾಕಿ ಕೋಳಿ, ಮೀನು, ಸಿಹಿ ಎಲ್ಲ ಬಡಿಸುತ್ತಾರೆ. (ಅವರ ಮಾತನ್ನು ನಾನಿಲ್ಲಿ ಕನ್ನಡಕ್ಕೆ ಹೊಂದಿಸಿ ಬರೆಯುತ್ತಿದ್ದೇನೆ.)

ಬಾಟಿಕ್ ಬಟ್ಟೆಯಲ್ಲಿ ಮಗುವಿನಂತೆ ಸುತ್ತಿ ತಂದದ್ದನ್ನು ಮೇಜಿನ ಮೇಲಿಟ್ಟು ಹೇಳಿದರು: "ನಮ್ಮ ಅಜ್ಜನ ಅಜ್ಜ. ಮುಖವೆಲ್ಲ ಕಪ್ಪಾಗಿದೆ. ಎಡೆ ಇಟ್ಟರೆ ನಮ್ಮನ್ನು ನೋಡ್ತಾನೋ, ನಿದ್ದೆ ಮಾಡ್ತಾನೋ ಗೊತ್ತಾಗಲ್ಲ. ತೊಳೆದುಕೊಡು. ಪೊಂಗಲ್‌ಗೆ ಬೇಕು."

ಬಟ್ಟೆ ಬಿಚ್ಚಿದರೆ ಕೋಟು ಸಾಹೇಬನದೇ ಕೈಚಳಕ! ಅದೇ ಪುಸ್ತಕ, ಅದೇ ಉಂಗುರ. "ಆ ಉಂಗುರಾನ ಯುದ್ಧದ ಕಾಲದಲ್ಲಿ ಜಪಾನಿನವರು ಕಿತ್ತುಕೊಂಡು ಹೋದರು ಅಂತ ನಮ್ಮಮ್ಮ ಅಳ್ತಿದ್ದಳು," ಅಂದರು ಆಂಟಿ. ನಾನು ಗ್ರೇಟಾಳ ಮುಖ ನೋಡದೆ ತುಟಿ ಕಚ್ಚಿಕೊಂಡೆ.

ತೊಳೆಯುವ ಮುನ್ನ ಎಲ್ಲ ಕಡೆ ಫೋಟೋ ತೆಗೆದೆವು. ಮುಖ ತೊಳೆದಾಗ ಅಜ್ಜ ಕಣ್ಣು ಬಿಟ್ಟ. ಕೋಟು ಹೊಳೆಯಿತು. ಗ್ರೇಟಾಳ ಕೈಯ ಹತ್ತಿಯುಂಡೆ ಕಾಲಿನ ಬಳಿಗೆ ಬಂತು.

"ಅಕ್ಕಾ, ಒಮ್ಮೆ ಇಲ್ಲಿ ಬನ್ನಿ ಮಾರಾಯ್ರೆ," ಗ್ರೇಟಾ ಕೂಗಿದಳು. "ಇವರ ಹೆಬ್ಬೆರಳಿನ ಅಡಿಯಲ್ಲಿ ಬೂಟುಂಟು."

ಹೋಗಿ ನೋಡಿದೆ. ಬರಿಗಾಲಿನ ಬೆರಳಿನಡಿಯಿಂದ ಕರಿ ಬೂಟಿನ ಮೂತಿ ಇಣುಕುತ್ತಿತ್ತು.

"ಕಾಲು ಬರ್ದದ್ದು ವಾರ್ನಿಷಿನ ಮೇಲೆ," ಅಂದಳು ಗ್ರೇಟಾ. "ಸಾಮಾನ್ಯ ಅಂಥದ್ದೆಲ್ಲ ಆಮೇಲೆ ಬೇರೆ ಯಾರೋ ಬರ್ದದ್ದೇ ಇರ್ತದೆ. ಎಂತ ಮಾಡುವ?"

ನನಗೆ ಅನುಮಾನವೇ ಬರಲಿಲ್ಲ. ಸಾಹೇಬನ ಮೈಗಳಿಗೆಲ್ಲ ಬೂಟು ಇರಲೇಬೇಕು. ಮೈಸೂರಿನದರಲ್ಲಿದೆ, ಪೆನಾಂಗಿನದರಲ್ಲಿದೆ. "ತಗದ ಬಿಡವಾ," ಅಂದೆ. "ಸಾಹೇಬರ ಬೂಟು ಹೊರಗ ಬಂದರ ಚಿತ್ರದ ಬೆಲಿ ಏರತದ."

ಸಂಜೆಯ ಹೊತ್ತಿಗೆ ಬಲಪಾದ ಹೋಗಿ ಬೂಟು ಬಂದಿತ್ತು. ಎಡಗಾಲು ನಾಳೆಗೆ ಎಂದು ಉಳಿಯಿತು. ಹೆಮ್ಮೆಯಿಂದ ಆಂಟಿಯ ವಾಟ್ಸಾಪಿಗೆ ಫೋಟೋ ಕಳಿಸಿದೆ. ಮರುದಿನ ನಾನು ಶಟರ್ ಎತ್ತುವಾಗ ಆಂಟಿಯೇ ಅಳಿಯನ ಕಾರಿನಿಂದ ಇಳಿಯುತ್ತಿದ್ದರು.

"ಅಜ್ಜನ ಕಾಲು ಎಲ್ಲಿ?"

"ಆಂಟಿ, ಅದು ಬೇರೆ ಯಾರೋ ಮೇಲೆ ಬರೆದದ್ದು. ಅಸಲು ಇದು."

"ಬೂಟು ಹಾಕಿಕೊಂಡು ಕೂತವನಿಗೆ ಎಡೆ ಇಡ್ತಾರಾ? ನೀನು ಇಡ್ತೀಯಾ?"

ನನ್ನ ಚಪ್ಪಲಿ ಬಾಗಿಲಲ್ಲಿತ್ತು. ಕೌಂಟರಿನ ಹಿಂದೆ ಗಣಪತಿಯ ಪಟ ಇರುವುದರಿಂದ ಅಂಗಡಿಯೊಳಗೆ ನಾನು ಎಂದೂ ಚಪ್ಪಲಿ ಮೆಟ್ಟಿದವಳಲ್ಲ. ಆಂಟಿ ಬಾಗಿಲನ್ನು ನೋಡಿದರು, ಗಣಪತಿಯನ್ನು ನೋಡಿದರು, ನನ್ನನ್ನು ನೋಡಿದರು.

ಚೌಕಟ್ಟಿನವಳಿಗೆ ಎಲ್ಲಕ್ಕೂ ಚೌಕಟ್ಟಿನದೇ ಪರಿಹಾರ. ಕೆಳಗಿನ ಪಟ್ಟಿಯನ್ನು ಅಗಲವಾಗಿ ಕೊಯ್ದು, ಹೂಬಳ್ಳಿ ಕೆತ್ತಿಸಿ, ಕಾಲುಗಳನ್ನೇ ಮುಚ್ಚಿಬಿಡುತ್ತೇನೆ ಅಂದೆ. ಒಳ್ಳೆಯ ತೇಗ, ದುಡ್ಡು ಬೇಡ.

"ಕಾಲು ಮುಚ್ಚಿದರೆ ನಾವು ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳೋದು ಯಾವುದಕ್ಕೆ? ಕೋಟಿನ ಗುಂಡಿಗಾ?"

ಬದುಕಿನಲ್ಲಿ ಮೊದಲ ಬಾರಿಗೆ ಚೌಕಾಸಿಯಲ್ಲಿ ಸೋತು ಅಳತೆಪಟ್ಟಿ ಮಡಚಿಟ್ಟೆ.

ಗ್ರೇಟಾ ಮೆಲ್ಲಗೆ ಹೇಳಿದಳು, "ಬಲಗಾಲು ಪುನಃ ಬರೀಬಹುದು ಅಕ್ಕಾ. ಆದ್ರೆ ಎಂತ ನೋಡಿ ಬರಿಯೂದು?" ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದರೆ ಹಳೆಯ ವಾರ್ನಿಷಿನ ಕತ್ತಲೆಯಲ್ಲಿ ಪಾದವೆಂಬುದು ಒಂದು ಕಂದು ಮುದ್ದೆ. ಎಡಗಾಲು ಪಕ್ಕಕ್ಕೆ ತಿರುಗಿತ್ತು, ಬಲಗಾಲು ಎದುರಿಗಿತ್ತು. ತಿರುಗಿಸಿ ಬರೆಯುವುದೂ ಆಗದು. ಕನಿಷ್ಠ ಎಡಗಾಲಿನ ಬಣ್ಣವಾದರೂ ತಿಳಿಯಲಿ ಎಂದು ಅದರ ಮೇಲಿನ ಕೊಳೆಯನ್ನಷ್ಟೇ ತೆಗೆಯಲು ಕೂತಳು. ಅದಕ್ಕೆ ಅವರ ವಿದ್ಯೆಯಲ್ಲಿ ಎಂಜಲೇ ಶ್ರೇಷ್ಠವಂತೆ. ಹತ್ತಿಯನ್ನು ನಾಲಗೆಯ ಬಳಿ ಒಯ್ದವಳು ಆಂಟಿಯ ಕಣ್ಣು ಕಂಡು, ಸದ್ದಿಲ್ಲದೆ ಶುದ್ಧ ನೀರಿನ ಬಾಟಲಿ ತೆಗೆದುಕೊಂಡಳು.

ಕೊಳೆ ಹೋದಂತೆ ಬೆರಳುಗಳು ಒಂದೊಂದಾಗಿ ಕಂಡವು. ಕೋಟಿನ ಕೆಳಗೆ ಇಷ್ಟು ಜೀವಂತ ಪಾದವೇ ಎಂದು ನಾವಿಬ್ಬರೂ ಬಗ್ಗಿದೆವು. ಕಿರುಬೆರಳು ನೆಟ್ಟಗಿರಲಿಲ್ಲ. ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು.

"ಇದೆಂಥ ಕಾಲು!" ಅಂದಳು ಗ್ರೇಟಾ.

ಆಂಟಿ ಕೂತಲ್ಲಿಂದಲೇ ತಮ್ಮ ಕಾಲು ಮುಂದೆ ಚಾಚಿದರು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು.

"ನಮ್ಮ ಮನೆ ಬೆರಳು," ಅಂದರು. "ಅಮ್ಮನಿಗೂ ಇತ್ತು, ನನ್ನ ಮಗನಿಗೂ ಇದೆ. ಶಾಲೆಯ ಬೂಟು ಹಾಕಲಾರದೆ ಎಷ್ಟು ಅತ್ತಿದ್ದೀನಿ ಗೊತ್ತಾ?"

ಗ್ರೇಟಾ ಭೂತಗನ್ನಡಿ ಹಿಡಿದು ಮುಖವನ್ನೊಮ್ಮೆ, ಪಾದವನ್ನೊಮ್ಮೆ ನೋಡಿದಳು. ಅದೇ ಕುಂಚ, ಅದೇ ಕೈ. ಬೇರೆ ಯಾರೋ ಬರೆದದ್ದಲ್ಲ, ಸಾಹೇಬನೇ ಬರೆದದ್ದು. ಹಡಗಿನಲ್ಲೇ ವಾರ್ನಿಷ್ ಹೊಡೆದಿಟ್ಟ ಬೂಟಿನ ಮೇಲೆ ಮೆಲಾಕಾದಲ್ಲಿ ಕೂತು ಪಾದ ಬರೆದಿದ್ದ. ಅದಕ್ಕೇ ಅದು ವಾರ್ನಿಷಿನ ಜೊತೆ ಎದ್ದುಬಂದದ್ದು.

ನನಗೆ ಇಡೀ ಚೌಕಾಸಿ ಕಣ್ಣಿಗೆ ಕಟ್ಟಿತು. ಸಾಹೇಬ ಬರೆದಿಟ್ಟ ಮೈಯ ಸುರುಳಿ ಬಿಚ್ಚಿ ತೋರಿಸಿರುತ್ತಾನೆ. ಅಜ್ಜ ಕೋಟಿಗೆ ಒಪ್ಪಿರುತ್ತಾನೆ, ಇಲ್ಲದ ಉಂಗುರಕ್ಕೂ ಒಪ್ಪಿರುತ್ತಾನೆ. ಬೂಟಿಗೆ ಮಾತ್ರ ತಲೆಯಾಡಿಸಿ, ಎದ್ದು ಹೊರಟಿರುತ್ತಾನೆ. ಎದ್ದು ಹೊರಡುವುದು ಚೌಕಾಸಿಯ ಕೊನೆಯ ಅಸ್ತ್ರ. ದೇಶ ದೇಶ ಸುತ್ತಿದ ವ್ಯಾಪಾರಿ ಸಾಹೇಬ, ಒಂದು ಬೆಳಿಗ್ಗೆಗಿಂತ ಹೆಚ್ಚು ಯಾರಿಗೂ ಕೊಡದವನು, ಆ ಗಿರಾಕಿಯ ಕಾಲ ಬಳಿ ಕೂತು ಬೆರಳು ಬೆರಳಾಗಿ ನೋಡಿ ಬರೆದಿದ್ದ. ಆ ಚಿತ್ರದಲ್ಲಿ ಅಜ್ಜ ಇದ್ದದ್ದು ಎರಡೇ ಕಡೆ: ಕಾಲರಿನ ಮೇಲೆ, ಪ್ಯಾಂಟಿನ ಕೆಳಗೆ. ನಾವು ಅದರಲ್ಲಿ ಒಂದನ್ನು ತೊಳೆದು ಹಾಕಿದ್ದೆವು.

"ಆಂಟಿ," ಅಂದೆ, "ನಿಮ್ಮ ಬಲಗಾಲು ಕೆಲವು ದಿನ ನಮಗೆ ಕೊಡ್ತೀರಾ?"

"ಕೊಯ್ದು ಕೊಡಬೇಕೋ, ನಾನೂ ಜೊತೆಗೆ ಬರಬಹುದೋ?"

ಹೀಗೆ ಆ ಬಾಡಿಗೆ ಕಾರು, ಆ ಊಟದ ಪೊಟ್ಟಣಗಳು. ಆಂಟಿ ಮೆತ್ತನೆಯ ಸ್ಟೂಲಿನ ಮೇಲೆ ಬಲಗಾಲಿಟ್ಟು ಕೂತರು. ಗ್ರೇಟಾ ಬೂಟಿನ ಮೇಲೆ ಹೊಸ ವಾರ್ನಿಷ್ ಎಳೆದು, ಅದರ ಮೇಲೆ ಬರೆದಳು. ನಾಳೆ ಇನ್ನೊಬ್ಬರಿಗೆ ಬೇಡವೆನಿಸಿದರೆ ತೆಗೆಯಲು ಬರುವಂಥ ಬಣ್ಣದಲ್ಲಿ. ಆಂಟಿ ಸುಮ್ಮನೆ ಕೂರುವವರಲ್ಲ. "ಉಗುರು ಇಷ್ಟು ಮುದಿಯಾಗಿ ಬರೀಬೇಡ, ಅಜ್ಜ ಆಗ ಚಿಕ್ಕವನು." "ಹೆಬ್ಬೆರಳಿನ ಬಿರುಕು ನನ್ನದು, ಅದನ್ನು ಬಿಟ್ಟುಬಿಡು." "ಈ ಸಾಂಬಾರಿಗೆ ಉಪ್ಪಿಲ್ಲ, ಎಲ್ಲಿಂದ ತಪಾವ್ ಮಾಡಿಸಿದೆ?" ಒಂದು ದಿನ ರಘುನಂದನ್ ಬಂದವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. "ಮೇಡಂ, ನಮ್ಮ ಮುತ್ತಾತ ಬೂಟು ಬಿಚ್ಚು ಅಂತ ಯಾಕೆ ಹೇಳ್ಲಿಲ್ಲ?" ಅಂದರು. ಆಂಟಿಗೆ ಅರ್ಥ ಹೇಳಿದೆ. "ಅವನ ಬೆರಳು ನೆಟ್ಟಗಿತ್ತು ಅಂತ ಹೇಳು," ಅಂದರು.

ಪೊಂಗಲ್ ಹಿಂದಿನ ದಿನ ಚಿತ್ರವನ್ನು ನಾನೇ ಮೆಲಾಕಾಕ್ಕೆ ಒಯ್ದೆ. ಗೋಡೆಗೆ ನಾನೇ ಮೊಳೆ ಹೊಡೆದೆ. ಎತ್ತರ ಎಷ್ಟಿರಬೇಕೆಂದು ಆಂಟಿಯನ್ನು ಕೇಳಿಯೇ ಹೊಡೆದೆ. ಮನೆಯವರೆಲ್ಲ ಸೇರಿದ್ದರು. ಎಲೆ ಹಾಕಿ ಬಡಿಸಿದರು. ಆಂಟಿ ಮೊದಲು ಹೋಗಿ ಅಜ್ಜನ ಎಡಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಬಲಪಾದದ ಹತ್ತಿರ ಕೈ ಒಯ್ದವರು ತಡೆದರು. ಬಗ್ಗಿ ತಮ್ಮ ಕಾಲು ನೋಡಿಕೊಂಡು, ನನ್ನ ಕಡೆ ತಿರುಗಿ, "ಇದಕ್ಕೆ ನಾನು ಹೇಗೆ ನಮಸ್ಕಾರ ಮಾಡಲಿ ಹೆಣ್ಣೇ, ಇದು ನನ್ನದೇ ಅಲ್ವಾ?" ಅಂದರು. ಮನೆಯೆಲ್ಲ ನಕ್ಕಿತು. ಅವರ ಹಿಂದಿದ್ದ ಮಗ ಮುಂದೆ ಬಂದು ಬಲಪಾದವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಂಟಿ ಅವನ ತಲೆಯ ಮೇಲೆ ಕೈ ಇಟ್ಟರು.

ಇನ್ನು ನಿಮಗೆ. ಲಾಭ ಎಷ್ಟು ಇಟ್ಟುಕೊಳ್ಳಬೇಕೆಂದು ಕೇಳಿದಿರಲ್ಲ: ಬೂಷ್ಟು ಹತ್ತಿ ವಾಪಸು ಬಂದ ಚಿತ್ರವನ್ನು ಒಮ್ಮೆ ಪುಕ್ಕಟೆ ಸರಿಮಾಡಿಕೊಡುವಷ್ಟು. ಏನನ್ನೂ ಅಂಟಿಸಬೇಡಿ. ನೀವು ಬರೆದದ್ದನ್ನು ಇನ್ನೊಬ್ಬರು ತೆಗೆಯುವಂತಿರಲಿ. ಒಂದು ಚಿತ್ರವನ್ನು ನೋಡಿ ಇನ್ನೊಂದನ್ನು ತಿದ್ದಬೇಡಿ, ಎರಡರ ಬೆನ್ನೂ ಒಂದೇ ಆಗಿದ್ದರೂ ಸರಿ. ತೌಕೆ ಹೇಳಿದಂತೆ ಮೊದಲು ಬೆನ್ನು ನೋಡಿ. ಆದರೆ ಅದಕ್ಕೂ ಮೊದಲು ತಂದವರಿಗೆ ಒಂದು ಕುರ್ಚಿ ಕೊಟ್ಟು ಕೇಳಿ: ಮನೆಯಲ್ಲಿ ಇದರ ಮುಂದೆ ನೀವು ಏನು ಮಾಡುತ್ತೀರಿ? ಕೈ ಎಲ್ಲಿಗೆ ಹೋಗುತ್ತದೆ? ಅವರು ಬೆರಳಿಟ್ಟು ತೋರಿಸಿದ ಜಾಗವನ್ನು ಎಲ್ಲಕ್ಕಿಂತ ಕೊನೆಗೆ ತೊಳೆಯಿರಿ.